ಇಂಗ್ಲಿಷ್ ವಾಕ್ಯದ ಎಲ್ಲೆ: ತುಂಡುವಾಕ್ಯ ಮತ್ತು ರನ್-ಆನ್ ವಾಕ್ಯಗಳ ದೋಷಕಲ್ಪನೆಯ ಚಾರಿತ್ರಿಕ ವಿವೇಚನೆ

ಪೀಠಿಕೆ

ಇಂಗ್ಲಿಷ್ ಬರವಣಿಗೆಯನ್ನು ತಿದ್ದುವ ಅಧ್ಯಾಪಕರು ಒಂದು ಶತಮಾನಕ್ಕೂ ಮಿಗಿಲಾದ ಕಾಲದಿಂದ ಉತ್ತರಪತ್ರಿಕೆಗಳ ಅಂಚಿನಲ್ಲಿ ಗುರುತಿಸುತ್ತ ಬಂದಿರುವ ದೋಷಗಳಲ್ಲಿ ಎರಡು ವಾಕ್ಯದ ಎಲ್ಲೆಗೆ ಸಂಬಂಧಿಸಿದವು. ವಾಕ್ಯವಾಗಲು ಬೇಕಾದ ಅಂಗಗಳಿಲ್ಲದೆಯೂ ಪೂರ್ಣವಿರಾಮವನ್ನು ಪಡೆದು ನಿಂತ ಪದಸಮೂಹ ಮೊದಲನೆಯದು. ಇಂಗ್ಲಿಷಿನಲ್ಲಿ ‘ಸೆಂಟೆನ್ಸ್ ಫ್ರ್ಯಾಗ್ಮೆಂಟ್’ ಎನ್ನಿಸಿಕೊಳ್ಳುವ ಇದನ್ನು ಪ್ರಸ್ತುತ ಲೇಖನದಲ್ಲಿ ‘ತುಂಡುವಾಕ್ಯ’ ಎಂದು ಕರೆಯಲಾಗಿದೆ. ಎರಡು ಸ್ವತಂತ್ರ ವಾಕ್ಯಗಳು ತಕ್ಕ ಸಂಯೋಜಕವಾಗಲಿ ಚಿಹ್ನೆಯಾಗಲಿ ಇಲ್ಲದೆ ಒಂದರೊಳಗೊಂದು ಹರಿದು ಸೇರಿಕೊಳ್ಳುವ ‘ರನ್-ಆನ್’ ವಾಕ್ಯ ಎರಡನೆಯದು. ನಡುವೆ ಯಾವ ಚಿಹ್ನೆಯೂ ಇಲ್ಲದಿದ್ದರೆ ಅದನ್ನು ‘ಫ್ಯೂಸ್ಡ್ ಸೆಂಟೆನ್ಸ್’ ಎಂದೂ ಬರಿಯ ಅಲ್ಪವಿರಾಮವಿದ್ದರೆ ‘ಕಾಮಾ ಸ್ಪ್ಲೈಸ್’ ಎಂದೂ ಕೈಪಿಡಿಗಳು ಬೇರ್ಪಡಿಸುತ್ತವೆ. ‘ವೆನ್ ದ ರೇನ್ ಸ್ಟಾಪ್ಡ್.’ ಎಂಬುದು ತುಂಡುವಾಕ್ಯ. ‘ದ ರೇನ್ ಸ್ಟಾಪ್ಡ್, ವಿ ವೆಂಟ್ ಹೋಮ್.’ ಎಂಬುದು ಕಾಮಾ ಸ್ಪ್ಲೈಸ್.

ಈ ಎರಡನ್ನೂ ಇಂಗ್ಲಿಷ್ ಭಾಷೆಯ ಸಹಜ ನಿಯಮಗಳ ಉಲ್ಲಂಘನೆಯೆಂದು ಪಠ್ಯಪುಸ್ತಕಗಳು ಸಾಮಾನ್ಯವಾಗಿ ನಿರೂಪಿಸುತ್ತವೆ. ಆದರೆ ಚರಿತ್ರೆಯನ್ನು ಪರಿಶೀಲಿಸಿದಾಗ ಬೇರೊಂದು ಚಿತ್ರ ಕಂಡುಬರುತ್ತದೆ. ವಾಕ್ಯದ ಕೊನೆಯನ್ನು ಗುರುತಿಸುವ ಹೊಣೆ ಪ್ರಾಚೀನ ಕಾಲದಲ್ಲಿ ಓದುಗನದಾಗಿತ್ತು. ಮುದ್ರಣಯುಗದಲ್ಲಿ ಅದು ಬಹುಮಟ್ಟಿಗೆ ಮುದ್ರಕನ ಪಾಲಿಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಪರೀಕ್ಷಾಪದ್ಧತಿಯು ಅದನ್ನು ವಿದ್ಯಾರ್ಥಿಯ ಹೆಗಲ ಮೇಲೆ ಹೊರಿಸಿತು. ಹೊಣೆ ಹೀಗೆ ಕೈಬದಲಾಯಿಸಿದರೂ ವಿದ್ಯಾರ್ಥಿಗೆ ಕೊಡಲಾದ ಅಳತೆಗೋಲು ಮಾತ್ರ ಪ್ರಾಚೀನ ಕಾಲದ್ದೇ ಆಗಿ ಉಳಿಯಿತು. ಈ ವಿಪರ್ಯಾಸದ ಸ್ವರೂಪವನ್ನು ನಿರೂಪಿಸಿ, ದೋಷಗಳನ್ನು ಗುರುತಿಸುವ ಹಾಗೂ ತಿದ್ದುವ ಕ್ರಮದ ಮೇಲೆ ಅದು ಬೀರಿದ ಪರಿಣಾಮವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉಸಿರಿನ ಬಿಂದು ಮತ್ತು ಪೂರ್ಣಾರ್ಥದ ಲಕ್ಷಣ

ಪಾಶ್ಚಾತ್ಯ ಲೇಖನಚಿಹ್ನೆಗಳ ಮೂಲವನ್ನು ಕ್ರಿ.ಪೂ. 200ರ ಸುಮಾರಿನಲ್ಲಿ ಅಲೆಗ್ಸಾಂಡ್ರಿಯದ ಗ್ರಂಥಾಲಯದ ಅಧಿಕಾರಿಯಾಗಿದ್ದ ಬೈಜಾಂಟಿಯಮ್ಮಿನ ಅರಿಸ್ಟೊಫನೀಸನಲ್ಲಿ ಗುರುತಿಸುವುದು ವಾಡಿಕೆ. ಅಕ್ಷರದ ಮೇಲ್ತುದಿ, ನಡು ಮತ್ತು ಕೆಳಗಿನ ಮಟ್ಟಗಳಲ್ಲಿ ಇಡುವ ಬಿಂದುಗಳಿಂದ ಆತನು ಮೂರು ಬಗೆಯ ನಿಲುಗಡೆಗಳನ್ನು ಸೂಚಿಸಿದನು. ‘ಕಾಮಾ’, ‘ಕೋಲನ್’, ‘ಪೀರಿಯಡ್’ ಎಂಬ ಇಂದಿನ ಹೆಸರುಗಳು ಮೊದಲಿಗೆ ಚಿಹ್ನೆಗಳ ಹೆಸರುಗಳಾಗಿರಲಿಲ್ಲ. ಭಾಷಣಕಲೆಯಲ್ಲಿ ಮಾತಿನ ಸಣ್ಣ, ಮಧ್ಯಮ ಮತ್ತು ದೊಡ್ಡ ಘಟಕಗಳ ಹೆಸರುಗಳಾಗಿದ್ದವು. ಗಟ್ಟಿಯಾಗಿ ಓದುವವನು ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ತಿಳಿಸುವುದೇ ಬಿಂದುಗಳ ಕೆಲಸವಾಗಿತ್ತು. ಪದಗಳ ನಡುವೆ ತೆರಪನ್ನೂ ಬಿಡದೆ ಬರೆಯುತ್ತಿದ್ದ ಆ ಕಾಲದಲ್ಲಿ ಲಿಪಿಕಾರನು ಅಕ್ಷರಗಳನ್ನು ಒದಗಿಸುತ್ತಿದ್ದನು. ಅವುಗಳನ್ನು ಬಿಡಿಸಿ ಅರ್ಥಮಾಡಿಕೊಳ್ಳುವುದು ಓದುಗನ ವಿದ್ಯೆಯಾಗಿತ್ತು. ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಲ್ಯಾಟಿನ್ ಭಾಷೆಯನ್ನು ಪರಭಾಷೆಯಾಗಿ ಕಲಿಯಬೇಕಾಗಿದ್ದ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು ಪದಗಳನ್ನು ಬಿಡಿಬಿಡಿಯಾಗಿ ಬರೆಯುವ ಪದ್ಧತಿಯನ್ನು ಬೆಳೆಸಿದರೆಂಬುದು ಗಮನಾರ್ಹ. ಪುಟದ ಮೇಲೆ ಕಣ್ಣಿಗೆ ಕಾಣುವ ಎಲ್ಲೆಗಳು ಬೇಕಾದದ್ದು ಆ ಭಾಷೆಯಲ್ಲಿ ಹುಟ್ಟದವರಿಗೆ.

ಇದೇ ವೇಳೆಗೆ ವ್ಯಾಕರಣಶಾಸ್ತ್ರವು ವಾಕ್ಯಕ್ಕೆ ತನ್ನದೇ ಲಕ್ಷಣವನ್ನು ರೂಪಿಸಿತ್ತು. ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿರುವ ಗ್ರೀಕ್ ವ್ಯಾಕರಣವೂ ಕ್ರಿ.ಶ. 500ರ ಸುಮಾರಿನಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಪ್ರಿಷಿಯನ್ನನ ಬೃಹದ್ವ್ಯಾಕರಣವೂ ಪೂರ್ಣವಾದ ಅರ್ಥವನ್ನು ತೋರುವ ಪದಗಳ ಜೋಡಣೆಯನ್ನೇ ವಾಕ್ಯವೆಂದವು. ‘ಪೂರ್ಣವಾದ ವಿಚಾರವನ್ನು ಹೇಳುವುದು ವಾಕ್ಯ’ ಎಂದು ಇಂಗ್ಲಿಷ್ ಪಠ್ಯಪುಸ್ತಕಗಳು ಹೇಳುತ್ತ ಬಂದಿರುವ ಮಾತಿನ ಬೇರು ಇಲ್ಲಿದೆ. ಅರ್ಥ ಯಾವಾಗ ಪೂರ್ಣವಾಯಿತು ಎಂಬುದನ್ನು ನಿರ್ಣಯಿಸುವ ವ್ಯಾಕರಣಸಾಧನವನ್ನು ಆ ಲಕ್ಷಣವು ಕೊಡಲಿಲ್ಲ. ಲ್ಯಾಟಿನ್ ಪಠ್ಯವನ್ನು ಓದಿ ಬಿಡಿಸುವವನಿಗೆ ಅದು ಸಾಕಾಗಿತ್ತು. ಹೊಸದಾಗಿ ಬರೆಯುವವನಿಗೆ ಸಾಕಾಗುವುದಿಲ್ಲವೆಂಬುದು ಮುಂದೆ ಪ್ರಕಟವಾಯಿತು.

ಮುದ್ರಣಯುಗದ ದೀರ್ಘವಾಕ್ಯ

ವಿಲಿಯಂ ಕ್ಯಾಕ್ಸ್‌ಟನ್ನನು 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದಾಗ ಇಂಗ್ಲಿಷ್ ಗದ್ಯಕ್ಕೆ ಒಪ್ಪಿತವಾದ ಚಿಹ್ನಾಕ್ರಮವಿರಲಿಲ್ಲ. ಓರೆಗೀಟು ಮತ್ತು ಬಿಂದುಗಳಿಂದಲೇ ಕೆಲಸ ಸಾಗುತ್ತಿತ್ತು. ಅರ್ಧವಿರಾಮದ ಚಿಹ್ನೆ ಹದಿನೈದನೆಯ ಶತಮಾನದ ಕೊನೆಯ ದಶಕದಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್ಸನ ಮುದ್ರಣಾಲಯದಲ್ಲಿ ಬಳಕೆಗೆ ಬಂದು ಕಾಲಕ್ರಮದಲ್ಲಿ ಇಂಗ್ಲೆಂಡನ್ನು ತಲುಪಿತು. ಇಂಗ್ಲಿಷ್ ಭಾಷೆಯ ಮೊದಲ ಮುದ್ರಿತ ವ್ಯಾಕರಣವೆನಿಸಿದ ವಿಲಿಯಂ ಬುಲ್ಲೊಕರನ ಕೃತಿ ಪ್ರಕಟವಾದದ್ದು 1586ರಲ್ಲಿ. ಮೂರು ವರ್ಷಗಳ ಅನಂತರ, 1589ರಲ್ಲಿ, ಕಾವ್ಯಕಲೆಯನ್ನು ಕುರಿತು ಬರೆದ ಜಾರ್ಜ್ ಪಟನ್‌ಹ್ಯಾಮ್ ವಿರಾಮಚಿಹ್ನೆಗಳನ್ನು ನಿಲುಗಡೆಯ ಕಾಲಮಾನಗಳಾಗಿಯೇ ವಿವರಿಸಿದನು. ನಾಟಕಕಾರ ಬೆನ್ ಜಾನ್ಸನ್ನನ ಮರಣಾನಂತರ 1640ರಲ್ಲಿ ಅಚ್ಚಾದ ಇಂಗ್ಲಿಷ್ ವ್ಯಾಕರಣದ ಕೊನೆಯ ಅಧ್ಯಾಯ ವಾಕ್ಯಗಳ ವಿಂಗಡಣೆಯನ್ನು ಕುರಿತದ್ದು. ಅಲ್ಲಿಯೂ ಉಸಿರಿನ ಪ್ರಸ್ತಾಪವಿದೆ.

ಈ ಕಾಲದ ಗದ್ಯ ಮತ್ತು ಪದ್ಯಗಳಲ್ಲಿ ವಾಕ್ಯವು ಬಹಳ ಉದ್ದವಾಗಿರುತ್ತಿತ್ತು. 1667ರಲ್ಲಿ ಪ್ರಕಟವಾದ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಮೊದಲ ವಾಕ್ಯ ಹದಿನಾರು ಸಾಲುಗಳವರೆಗೆ ಸಾಗುತ್ತದೆ. ಪೀರಿಯಡ್ ಎಂದರೆ ಸುತ್ತಿ ಬಂದು ಮುಗಿಯುವ ವರ್ತುಲ ಎಂಬ ಪ್ರಾಚೀನ ಅರ್ಥ ಆಗ ಜೀವಂತವಾಗಿತ್ತು. ಅನೇಕ ಸ್ವತಂತ್ರ ಉಪವಾಕ್ಯಗಳನ್ನು ಅಲ್ಪವಿರಾಮ, ಅರ್ಧವಿರಾಮ ಮತ್ತು ಕೋಲನ್‌ಗಳಿಂದ ಪೋಣಿಸಿ ಒಂದೇ ಪೂರ್ಣವಿರಾಮದಲ್ಲಿ ಮುಗಿಸುವುದು ದೋಷವೆನಿಸದೆ ಪ್ರೌಢಿಮೆಯೆನಿಸಿತ್ತು. ಇಂದಿನ ಕೈಪಿಡಿಯ ಮಾನದಂಡವನ್ನು ಆ ಕಾಲದ ಗದ್ಯಕ್ಕೆ ಅನ್ವಯಿಸಿದರೆ ಪುಟಪುಟವೂ ತಿದ್ದುಗೆಂಪಿನಿಂದ ತುಂಬೀತು.

ಚಿಹ್ನೆಗಳನ್ನು ಹಾಕುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆಯೂ ಇಲ್ಲಿ ಮುಖ್ಯ. ಜೋಸೆಫ್ ಮಾಕ್ಸನ್ 1683ರಿಂದ ಪ್ರಕಟಿಸಿದ ಮುದ್ರಣಕಲೆಯ ಕೈಪಿಡಿಯಲ್ಲಿ, ಲೇಖಕನ ಪ್ರತಿಯಲ್ಲಿನ ಕಾಗುಣಿತ ಮತ್ತು ವಿರಾಮಚಿಹ್ನೆಗಳ ತಪ್ಪುಗಳನ್ನು ಕಂಡು ಸರಿಪಡಿಸುವುದು ಅಚ್ಚುಮೊಳೆ ಜೋಡಿಸುವವನ ಕರ್ತವ್ಯಗಳಲ್ಲಿ ಒಂದೆಂದು ಹೇಳಲಾಗಿದೆ. ಈ ಪದ್ಧತಿ ದೀರ್ಘಕಾಲ ಮುಂದುವರಿಯಿತು. ಜೇನ್ ಆಸ್ಟೆನ್ನಳ ‘ಪರ್ಸುಯೇಷನ್’ ಕಾದಂಬರಿಯ ಉಳಿದುಬಂದಿರುವ ಹಸ್ತಪ್ರತಿಯ ಅಧ್ಯಾಯಗಳಲ್ಲಿ ಅಡ್ಡಗೀಟುಗಳೇ ಹೇರಳವಾಗಿವೆ. ಮುದ್ರಿತ ಪುಟಗಳ ಚಿಹ್ನಾಕ್ರಮ ಅದಕ್ಕಿಂತ ಭಿನ್ನ. ಶ್ರೇಷ್ಠ ಗ್ರಂಥಕರ್ತರ ವಾಕ್ಯಶುದ್ಧಿಯೆಂದು ಶಾಲೆಗಳಲ್ಲಿ ತೋರಿಸಲಾಗುವ ಮಾದರಿಗಳಲ್ಲಿ ಮುದ್ರಣಾಲಯದ ಕೆಲಸಗಾರರ ಪಾಲೂ ಇದೆ.

ಒಂದೇ ಪುಟದಲ್ಲಿ ಎರಡು ಅಳತೆಗಳು

ಹದಿನೆಂಟನೆಯ ಶತಮಾನ ಇಂಗ್ಲಿಷ್ ವ್ಯಾಕರಣರಚನೆಯ ಸಮೃದ್ಧ ಕಾಲ. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ಸಂಕ್ಷಿಪ್ತ ವ್ಯಾಕರಣವು ಈ ದೃಷ್ಟಿಯಿಂದ ಮಹತ್ವದ್ದು. ಪ್ರಸಿದ್ಧ ಲೇಖಕರ ಬರಹಗಳಿಂದಲೇ ತಪ್ಪುಗಳನ್ನು ಆಯ್ದು ಅಡಿಟಿಪ್ಪಣಿಗಳಲ್ಲಿ ತೋರಿಸುವ ಕ್ರಮವನ್ನು ಅವನು ಅನುಸರಿಸಿದನು. ವಾಕ್ಯಕ್ಕೆ ಅವನು ಕೊಟ್ಟ ಲಕ್ಷಣ ಪ್ರಿಷಿಯನ್ನನ ಪರಂಪರೆಯದು: ತಕ್ಕ ರೂಪ ಮತ್ತು ಕ್ರಮದಲ್ಲಿ ಸೇರಿ ಪೂರ್ಣಾರ್ಥವನ್ನು ಕೊಡುವ ಪದಗಳ ಸಮೂಹ. ಚಿಹ್ನೆಗಳ ಪ್ರಕರಣಕ್ಕೆ ಬಂದಾಗ ಅವನು ಸಂಗೀತದ ಕಾಲಪ್ರಮಾಣವನ್ನು ಮೊರೆಹೊಕ್ಕನು. ಅಲ್ಪವಿರಾಮದ ಇಮ್ಮಡಿ ಅರ್ಧವಿರಾಮ, ಅದರ ಇಮ್ಮಡಿ ಕೋಲನ್, ಅದರ ಇಮ್ಮಡಿ ಪೂರ್ಣವಿರಾಮ. ಜೊತೆಗೆ, ಚಿಹ್ನೆಗಳ ವಿಷಯದಲ್ಲಿ ನಿರಪವಾದವಾದ ನಿಯಮಗಳು ವಿರಳವೆಂದೂ ಬಹಳಷ್ಟನ್ನು ಬರೆಯುವವನ ವಿವೇಚನೆ ಮತ್ತು ಅಭಿರುಚಿಗೆ ಬಿಡಬೇಕೆಂದೂ ಒಪ್ಪಿಕೊಂಡನು.

ಲೌತನ ಗ್ರಂಥವನ್ನು ಬಹುವಾಗಿ ಅವಲಂಬಿಸಿ ಲಿಂಡ್ಲಿ ಮರ್ರೆ 1795ರಲ್ಲಿ ತನ್ನ ವ್ಯಾಕರಣವನ್ನು ಪ್ರಕಟಿಸಿದನು. ಪೆನ್ಸಿಲ್ವೇನಿಯದಲ್ಲಿ ಹುಟ್ಟಿ ವಕೀಲನಾಗಿದ್ದು, 1784ರಲ್ಲಿ ಇಂಗ್ಲೆಂಡಿಗೆ ಬಂದು ಯಾರ್ಕ್ ಬಳಿ ನೆಲೆಸಿದ ಈ ಕ್ವೇಕರ್ ಪಂಥೀಯನು ಅಲ್ಲಿನ ಬಾಲಿಕಾಶಾಲೆಯೊಂದಕ್ಕಾಗಿ ಅದನ್ನು ಬರೆದನು. ಅದು ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿತು. 1797ರ ಅವನ ಅಭ್ಯಾಸಪುಸ್ತಕ ತಪ್ಪು ವಾಕ್ಯಗಳನ್ನು ಕೊಟ್ಟು ತಿದ್ದಿಸುವ ಪಾಠಕ್ರಮವನ್ನು ಬಳಕೆಯಲ್ಲಿ ಬೇರೂರಿಸಿತು. ಲೌತ್ ಮತ್ತು ಮರ್ರೆಯರ ಪುಸ್ತಕಗಳಲ್ಲಿ ವಾಕ್ಯಕ್ಕೆ ಅರ್ಥದ ಅಳತೆ, ಚಿಹ್ನೆಗೆ ಕಾಲದ ಅಳತೆ ಎಂಬ ಎರಡು ಮಾನಗಳು ಅಕ್ಕಪಕ್ಕದಲ್ಲಿ ಇವೆ. ನಿಲುಗಡೆ ಇದ್ದಲ್ಲೆಲ್ಲ ವಾಕ್ಯ ಮುಗಿಯುವುದಿಲ್ಲ. ವಾಕ್ಯ ಮುಗಿದಲ್ಲೆಲ್ಲ ದೀರ್ಘ ನಿಲುಗಡೆ ಬರುವುದೂ ಇಲ್ಲ. ಉಸಿರನ್ನು ನಂಬಿದ ವಿದ್ಯಾರ್ಥಿ ಎರಡು ಸ್ವತಂತ್ರ ವಾಕ್ಯಗಳ ನಡುವೆ ಅಲ್ಪವಿರಾಮವನ್ನೂ, ವಾಕ್ಯದ ನಡುವಣ ದೀರ್ಘ ನಿಲುಗಡೆಯಲ್ಲಿ ಪೂರ್ಣವಿರಾಮವನ್ನೂ ಇಡುವುದು ಸಹಜ. ಮುಂದೆ ದೋಷಗಳೆನಿಸಿದ ಎರಡೂ ರೂಪಗಳಿಗೆ ಈ ಪಾಠವೇ ಎಡೆಮಾಡಿಕೊಟ್ಟಿತು.

ಪರೀಕ್ಷೆ ಮತ್ತು ತಿದ್ದುಗೆಂಪು

ಹತ್ತೊಂಬತ್ತನೆಯ ಶತಮಾನದಲ್ಲಿ ಚಿಹ್ನೆಗಳು ಕ್ರಮೇಣ ಕಿವಿಯಿಂದ ಕಣ್ಣಿಗೆ, ಉಸಿರಿನಿಂದ ವಾಕ್ಯರಚನೆಗೆ ಸರಿದವು. ಮೌನವಾಚನ ಹೆಚ್ಚಿದುದು, ವೃತ್ತಪತ್ರಿಕೆಗಳು ಮತ್ತು ಅಗ್ಗದ ಪುಸ್ತಕಗಳು ವ್ಯಾಪಕವಾದುದು ಇದಕ್ಕೆ ಹಿನ್ನೆಲೆ. ಜಾನ್ ವಿಲ್ಸನ್ 1844ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದ ಗ್ರಂಥವು ಚಿಹ್ನೆಗಳಿಗೆ ವ್ಯಾಕರಣವೇ ಆಧಾರವೆಂದು ಪ್ರತಿಪಾದಿಸಿತು. ಅಮೆರಿಕದಲ್ಲಿ ಅಲಾನ್ಸೊ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ 1877ರ ತಮ್ಮ ಪಠ್ಯಪುಸ್ತಕದಲ್ಲಿ ವಾಕ್ಯವನ್ನು ರೇಖಾಚಿತ್ರವಾಗಿ ಬಿಡಿಸುವ ವಿಧಾನವನ್ನು ಪ್ರಚುರಪಡಿಸಿದರು. ಅಡ್ಡಗೆರೆಯ ಮೇಲೆ ಕರ್ತೃ ಮತ್ತು ಕ್ರಿಯಾಪದಗಳು ಕುಳಿತು, ಉದ್ದಗೆರೆಯೊಂದು ಅವೆರಡನ್ನೂ ಬೇರ್ಪಡಿಸುವ ಆ ಚಿತ್ರದಲ್ಲಿ ಖಾಲಿ ಉಳಿದ ಸ್ಥಾನ ತಟ್ಟನೆ ಕಣ್ಣಿಗೆ ಬೀಳುತ್ತದೆ. ತುಂಡುವಾಕ್ಯವನ್ನು ಅರ್ಥದ ಕೊರತೆಯಾಗಿ ನೋಡದೆ ರಚನೆಯ ಕೊರತೆಯಾಗಿ ಕಾಣುವ ದೃಷ್ಟಿಗೆ ಇದು ದಾರಿಮಾಡಿತು.

ನಿರ್ಣಾಯಕ ತಿರುವು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಭವಿಸಿತು. ಚಾರ್ಲ್ಸ್ ಎಲಿಯಟ್ ಅಧ್ಯಕ್ಷನಾಗಿದ್ದ ಅವಧಿಯಲ್ಲಿ, 1874ರಿಂದ, ಪ್ರವೇಶ ಬಯಸುವವರು ಕಾಗುಣಿತ, ಚಿಹ್ನೆ, ವ್ಯಾಕರಣ ಮತ್ತು ಅಭಿವ್ಯಕ್ತಿಗಳಲ್ಲಿ ಶುದ್ಧವಾದ ಕಿರುಪ್ರಬಂಧವೊಂದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಯಿತು. ಈ ಪದ್ಧತಿಯ ಮುಖ್ಯ ರೂವಾರಿ ಆಡಮ್ಸ್ ಶೆರ್ಮನ್ ಹಿಲ್. 1885ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಬರವಣಿಗೆಯ ಪಾಠ ಕಡ್ಡಾಯವಾಯಿತು. ಪ್ರವೇಶಾರ್ಥಿಗಳ ಬರವಣಿಗೆಯ ಮಟ್ಟವನ್ನು ಪರಿಶೀಲಿಸಿದ ಸಮಿತಿಯೊಂದು 1892ರ ವರದಿಯಲ್ಲಿ ಹೊಣೆಯನ್ನು ಪೂರ್ವಸಿದ್ಧತಾ ಶಾಲೆಗಳ ಮೇಲೆ ಹೊರಿಸಿತು. ರಾಶಿರಾಶಿ ಪ್ರಬಂಧಗಳನ್ನು ಅಲ್ಪಾವಧಿಯಲ್ಲಿ ಓದಿ ಮುಗಿಸಬೇಕಾದ ಪರೀಕ್ಷಕನಿಗೆ ವಿಚಾರದ ಗುಣಕ್ಕಿಂತ ಎಣಿಸಬಹುದಾದ ದೋಷವೇ ಅನುಕೂಲ. ವಾಕ್ಯದ ಎಲ್ಲೆ ತಪ್ಪಿದುದು ಮೊದಲ ನೋಟಕ್ಕೇ ಕಾಣುತ್ತದೆ. ಒಂದು ಸಂಕೇತದಿಂದ ಅದನ್ನು ಗುರುತಿಸಬಹುದು. ಈ ಪರಿಸ್ಥಿತಿಯಲ್ಲಿ ಅದು ಬರೆಯುವವನ ವಿದ್ಯಾವಂತಿಕೆಯನ್ನೇ ಅಳೆಯುವ ಕುರುಹಾಗಿ ಪರಿಣಮಿಸಿತು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಡ್ವಿನ್ ವೂಲಿ 1907ರಲ್ಲಿ ಪ್ರಕಟಿಸಿದ ಕೈಪಿಡಿ ನಿಯಮಗಳಿಗೆ ಕ್ರಮಸಂಖ್ಯೆ ಕೊಟ್ಟಿತು. ಅಧ್ಯಾಪಕನು ಅಂಚಿನಲ್ಲಿ ಸಂಖ್ಯೆಯನ್ನು ಬರೆದರೆ ಸಾಕು, ವಿದ್ಯಾರ್ಥಿ ನಿಯಮವನ್ನು ಹುಡುಕಿ ತಿದ್ದಿಕೊಳ್ಳಬೇಕು. ಈ ಬಗೆಯ ಕೈಪಿಡಿಗಳ ಕಾಲದಲ್ಲಿಯೇ ‘ಕಾಮಾ ಸ್ಪ್ಲೈಸ್’ ಮೊದಲಾದ ಹೆಸರುಗಳು ಅಮೆರಿಕದ ತರಗತಿಗಳಲ್ಲಿ ರೂಢಿಗೊಂಡವು. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ಖಾಸಗಿಯಾಗಿ ಅಚ್ಚುಹಾಕಿಸಿದ ಕಿರುಹೊತ್ತಗೆ ಈ ಎರಡು ದೋಷಗಳಿಗೆ ಎರಡು ಅನುಕ್ರಮ ನಿಯಮಗಳನ್ನು ಮೀಸಲಿಟ್ಟಿತು: ಸ್ವತಂತ್ರ ಉಪವಾಕ್ಯಗಳನ್ನು ಅಲ್ಪವಿರಾಮದಿಂದ ಬೆಸೆಯಬಾರದು, ಒಂದು ವಾಕ್ಯವನ್ನು ಎರಡಾಗಿ ಒಡೆಯಬಾರದು. ಉಪವಾಕ್ಯಗಳು ಬಹಳ ಚಿಕ್ಕವೂ ಸಮರೂಪವೂ ಆಗಿದ್ದಾಗ ಅಲ್ಪವಿರಾಮ ಸಲ್ಲುತ್ತದೆಂದು ಸ್ಟ್ರಂಕ್ ವಿನಾಯಿತಿ ಕೊಟ್ಟದ್ದು ಉಲ್ಲೇಖನೀಯ. ಇ. ಬಿ. ವೈಟ್ ಪರಿಷ್ಕರಿಸಿದ 1959ರ ಆವೃತ್ತಿಯ ಮೂಲಕ ಈ ನಿಯಮಗಳು ಜಗತ್ತಿನಾದ್ಯಂತ ಹರಡಿದವು.

ಸಾಹಿತ್ಯವು ಈ ನಿಯಮಗಳಿಗೆ ಕಟ್ಟುಬೀಳಲಿಲ್ಲ. ಚಾರ್ಲ್ಸ್ ಡಿಕನ್ಸ್ 1852ರಿಂದ ಬಿಡಿಭಾಗಗಳಲ್ಲಿ ಪ್ರಕಟಿಸಿದ ‘ಬ್ಲೀಕ್ ಹೌಸ್’ ಕಾದಂಬರಿ ಒಂದೇ ಪದದ ತುಂಡುವಾಕ್ಯದಿಂದ ಆರಂಭವಾಗುತ್ತದೆ. ಮೊದಲ ಪರಿಚ್ಛೇದಗಳಲ್ಲಿ ಅಂತಹವು ಒಂದರ ಹಿಂದೊಂದು ಬರುತ್ತವೆ. ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯ (1922) ಕೊನೆಯ ಅಧ್ಯಾಯ ಎಂಟು ಸುದೀರ್ಘ ವಾಕ್ಯಪ್ರವಾಹಗಳಲ್ಲಿ ಹರಿಯುತ್ತದೆ. ಒಂದೇ ರೂಪವನ್ನು ಪ್ರಸಿದ್ಧನು ಬಳಸಿದರೆ ಶೈಲಿ, ವಿದ್ಯಾರ್ಥಿ ಬಳಸಿದರೆ ದೋಷ ಎಂಬ ಇಬ್ಬಂದಿತನದ ಆಕ್ಷೇಪ ಇಲ್ಲಿ ಏಳುತ್ತದೆ. ಆ ಆಕ್ಷೇಪದಲ್ಲಿ ಹುರುಳಿದ್ದರೂ ಅದು ಪೂರ್ಣಸತ್ಯವಲ್ಲ. ಡಿಕನ್ಸನ ಓದುಗನಿಗೆ ಎಲ್ಲೆ ಎಲ್ಲಿದೆ ಎಂಬ ಗೊಂದಲ ಉಂಟಾಗುವುದಿಲ್ಲ. ಎಲ್ಲೆಯನ್ನು ಅರಿಯದೆ ದಾಟಿದ ಬರಹದಲ್ಲಿ ಓದುಗನು ಹಿಂದಿರುಗಿ ಓದಬೇಕಾಗುತ್ತದೆ. ಈ ಭೇದವನ್ನು ಗುರುತಿಸುವುದಕ್ಕೆ ಕ್ರಮಸಂಖ್ಯೆ ಹಾಕಿದ ನಿಯಮಪಟ್ಟಿ ನೆರವಾಗಲಿಲ್ಲ.

ಲಕ್ಷಣದ ಬಿಕ್ಕಟ್ಟು

ತರಗತಿಯಲ್ಲಿ ನಿಯಮ ಬಿಗಿಯಾಗುತ್ತಿದ್ದ ದಶಕಗಳಲ್ಲಿಯೇ ಭಾಷಾವಿಜ್ಞಾನಿಗಳು ವಾಕ್ಯದ ಲಕ್ಷಣವನ್ನು ಪ್ರಶ್ನಿಸತೊಡಗಿದರು. ಜರ್ಮನ್ ವಿದ್ವಾಂಸ ಜಾನ್ ರೀಸ್ 1931ರಲ್ಲಿ ‘ವಾಕ್ಯವೆಂದರೇನು’ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು, ಅದುವರೆಗಿನ ನೂರಕ್ಕೂ ಮಿಕ್ಕ ಲಕ್ಷಣಗಳನ್ನು ಕಲೆಹಾಕಿದನು. ಲೆನರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಅರ್ಥಪೂರ್ಣತೆಯನ್ನು ಬದಿಗಿಟ್ಟು, ತನಗಿಂತ ದೊಡ್ಡದಾದ ಯಾವ ರಚನೆಗೂ ಅಂಗವಾಗದೆ ಸ್ವತಂತ್ರವಾಗಿ ನಿಲ್ಲುವ ಭಾಷಾರೂಪವೇ ವಾಕ್ಯವೆಂದನು. ಕ್ರಿಯಾಪದವಿಲ್ಲದ ಉದ್ಗಾರ, ಉತ್ತರಗಳನ್ನು ‘ಗೌಣವಾಕ್ಯ’ಗಳೆಂದು ಪರಿಗಣಿಸಿದನು. ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫ್ರೀಸ್ 1952ರಲ್ಲಿ ಪ್ರಕಟಿಸಿದ ಇಂಗ್ಲಿಷ್ ರಚನೆಯ ಅಧ್ಯಯನಕ್ಕೆ ಸುಮಾರು ಐವತ್ತು ಗಂಟೆಗಳ ಧ್ವನಿಮುದ್ರಿತ ದೂರವಾಣಿ ಸಂಭಾಷಣೆಗಳನ್ನು, ಅಂದರೆ ಎರಡೂವರೆ ಲಕ್ಷ ಪದಗಳಷ್ಟು ಸಾಮಗ್ರಿಯನ್ನು, ಆಧಾರವಾಗಿಟ್ಟುಕೊಂಡನು. ವಾಕ್ಯಕ್ಕೆ ಇನ್ನೂರಕ್ಕೂ ಹೆಚ್ಚು ಲಕ್ಷಣಗಳಿವೆಯೆಂಬುದನ್ನು ಅವನು ಆರಂಭದಲ್ಲಿಯೇ ಗಮನಿಸಿದ್ದನು. ಆಡುಮಾತಿನಲ್ಲಿ, ವಿಶೇಷವಾಗಿ ಪ್ರಶ್ನೆಗೆ ಕೊಡುವ ಉತ್ತರದಲ್ಲಿ, ತುಂಡುವಾಕ್ಯವು ಪೂರ್ಣವಾದ ಉಕ್ತಿಯೇ ಆಗಿರುತ್ತದೆಂಬುದು ಈ ಅಧ್ಯಯನದಿಂದ ಸ್ಪಷ್ಟವಾಯಿತು.

ತತ್ಫಲವಾಗಿ ಒಂದು ಸಂಗತಿ ಸ್ಥಿರಪಟ್ಟಿತು. ‘ವೆನ್ ದ ರೇನ್ ಸ್ಟಾಪ್ಡ್’ ಎಂಬುದರಲ್ಲಿ ಕರ್ತೃವೂ ಇದೆ, ಪೂರ್ಣಕ್ರಿಯಾಪದವೂ ಇದೆ. ‘ಯಾವಾಗ ಬಂದಿರಿ’ ಎಂಬ ಪ್ರಶ್ನೆಗೆ ಉತ್ತರವಾದಾಗ ಅರ್ಥವೂ ಪೂರ್ಣವೇ. ಹಾಗಿದ್ದರೂ ಬರಹದಲ್ಲಿ ಅದು ತುಂಡುವಾಕ್ಯ, ಏಕೆಂದರೆ ‘ವೆನ್’ ಎಂಬ ಅಧೀನಸೂಚಕವು ಅದನ್ನು ಮತ್ತೊಂದು ವಾಕ್ಯದ ಅಂಗವಾಗಿಸಿದೆ. ‘ಹಿ ಡಿಡ್’ ಎಂಬ ಎರಡು ಪದಗಳ ಅರ್ಥವು ಹಿಂದಿನ ಮಾತನ್ನು ಸಂಪೂರ್ಣವಾಗಿ ಅವಲಂಬಿಸಿದ್ದರೂ ರಚನೆಯಲ್ಲಿ ಅದು ಪೂರ್ಣವಾಕ್ಯ. ‘ಪೂರ್ಣವಿಚಾರ’ ಎಂಬ ಲಕ್ಷಣವು ಈ ಎರಡೂ ಉದಾಹರಣೆಗಳಲ್ಲಿ ತಪ್ಪುದಾರಿ ತೋರುತ್ತದೆ.

ಬಾಗಿಲು ತೆರೆದಾಗ

ಈ ವಿಷಯದ ಸಾಮಾಜಿಕ ಮಗ್ಗುಲು ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಆ ನಗರದ ವಿಶ್ವವಿದ್ಯಾಲಯವು 1970ರಲ್ಲಿ ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ಪ್ರವೇಶವನ್ನು ತೆರೆದಾಗ, ಬಡ ಕುಟುಂಬಗಳ, ಕಪ್ಪು ಜನಾಂಗದ ಹಾಗೂ ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಕಾಲೇಜಿಗೆ ಬಂದರು. ಅವರ ಬರವಣಿಗೆಯನ್ನು ಕಂಡ ಹಲವರು ಅವರು ಕಲಿಯಲಾರದವರೆಂಬ ತೀರ್ಮಾನಕ್ಕೆ ಬಂದಿದ್ದರು. ಸಿಟಿ ಕಾಲೇಜಿನಲ್ಲಿ ಬೋಧಿಸುತ್ತಿದ್ದ ಮೈನಾ ಶಾನೆಸ್ಸಿ ಸುಮಾರು 4000 ಪ್ರವೇಶಪ್ರಬಂಧಗಳನ್ನು ಪರಿಶೀಲಿಸಿ 1977ರಲ್ಲಿ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ತಪ್ಪುಗಳು ಅಡ್ಡಾದಿಡ್ಡಿಯಾಗಿ ಹುಟ್ಟಿದವಲ್ಲ, ಪ್ರತಿಯೊಂದರ ಹಿಂದೆಯೂ ಬರೆಯುವವನ ಒಂದು ತರ್ಕವಿದೆ ಎಂಬುದನ್ನು ಅವರು ನಿದರ್ಶನಗಳ ಮೂಲಕ ತೋರಿಸಿದರು. ಮಾತಿನ ಲಯವನ್ನೇ ಚಿಹ್ನೆಗಿಳಿಸಲು ಹೊರಟ ವಿದ್ಯಾರ್ಥಿಗೆ ಪೂರ್ಣವಿರಾಮ, ಅಲ್ಪವಿರಾಮಗಳ ಹೊರತು ಬೇರೆ ಉಪಕರಣವಿರುವುದಿಲ್ಲ. ಲೌತನು ಕಲಿಸಿದ್ದನ್ನೇ ಆ ವಿದ್ಯಾರ್ಥಿಗಳು ಅರಿಯದೆ ಪಾಲಿಸುತ್ತಿದ್ದರೆಂದರೆ ಅತಿಶಯವಾಗದು. ಅಳತೆ ಬದಲಾದ ವಾರ್ತೆ ಅವರಿಗೆ ತಲುಪಿರಲಿಲ್ಲ.

ಅನಂತರದ ಸಮೀಕ್ಷೆಗಳು ದೋಷದ ಪ್ರಮಾಣವನ್ನು ಸ್ಪಷ್ಟಪಡಿಸಿದವು. ರಾಬರ್ಟ್ ಕಾನರ್ಸ್ ಮತ್ತು ಆಂಡ್ರಿಯಾ ಲನ್ಸ್‌ಫರ್ಡ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಕಾಲೇಜುಗಳ 3000 ಪ್ರಬಂಧಗಳನ್ನು ಪರೀಕ್ಷಿಸಿ, ಹೆಚ್ಚಾಗಿ ಕಂಡುಬರುವ ಇಪ್ಪತ್ತು ತಪ್ಪುಗಳನ್ನು ಪಟ್ಟಿಮಾಡಿದರು. ಅದರಲ್ಲಿ ಕಾಮಾ ಸ್ಪ್ಲೈಸ್ 8ನೆಯ, ತುಂಡುವಾಕ್ಯ 12ನೆಯ, ಫ್ಯೂಸ್ಡ್ ವಾಕ್ಯ 18ನೆಯ ಸ್ಥಾನದಲ್ಲಿದ್ದವು. ಇದೇ ಮಾದರಿಯಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತುಂಡುವಾಕ್ಯವು 20ನೆಯ ಸ್ಥಾನಕ್ಕೆ ಇಳಿದಿತ್ತು. ಪಠ್ಯಪುಸ್ತಕಗಳು ಮಹಾಪರಾಧವೆಂದು ಬಣ್ಣಿಸಿದ ತಪ್ಪು ವಾಸ್ತವದಲ್ಲಿ ಅಷ್ಟು ವ್ಯಾಪಕವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಗುರುತಿಸುವ ಮತ್ತು ತಿದ್ದುವ ಕ್ರಮ

ಭಾಷಾವಿಜ್ಞಾನದ ಪ್ರಭಾವದಿಂದ ತರಗತಿಗೆ ಒದಗಿದ ಪರೀಕ್ಷಾಕ್ರಮಗಳು ಅರ್ಥದ ಬದಲು ರಚನೆಯನ್ನು ಒರೆಗೆ ಹಚ್ಚುತ್ತವೆ. ರೇ ನೊಗುಚಿ 1991ರಲ್ಲಿ ಪ್ರಕಟಿಸಿದ ಬರವಣಿಗೆಯ ಬೋಧನೆಯ ಗ್ರಂಥದಲ್ಲಿ ಇವುಗಳನ್ನು ವ್ಯವಸ್ಥಿತವಾಗಿ ವಿವರಿಸಿದ್ದಾರೆ. ನಿರೂಪಣಾರೂಪದ ಪದಸಮೂಹವೊಂದನ್ನು ಹೌದು-ಅಲ್ಲ ಉತ್ತರ ಬೇಡುವ ಪ್ರಶ್ನೆಯಾಗಿ ಮಾರ್ಪಡಿಸಲು ಬಂದರೆ ಅದು ಸ್ವತಂತ್ರ ವಾಕ್ಯ. ‘ದ ರೇನ್ ಸ್ಟಾಪ್ಡ್’ ಎಂಬುದು ‘ಡಿಡ್ ದ ರೇನ್ ಸ್ಟಾಪ್?’ ಎಂದಾಗುತ್ತದೆ, ‘ವೆನ್ ದ ರೇನ್ ಸ್ಟಾಪ್ಡ್’ ಹಾಗೆ ಆಗುವುದಿಲ್ಲ, ಆದ್ದರಿಂದ ಅದು ತುಂಡುವಾಕ್ಯ. ‘ದ ರೇನ್ ಸ್ಟಾಪ್ಡ್, ವಿ ವೆಂಟ್ ಹೋಮ್’ ಎಂಬುದನ್ನು ಒಂದೇ ಪ್ರಶ್ನೆಯಾಗಿಸಲು ಬಾರದು, ಎರಡು ಪ್ರಶ್ನೆಗಳು ಬೇಕಾಗುತ್ತವೆ. ಆದ್ದರಿಂದ ಅಲ್ಲಿ ಎರಡು ವಾಕ್ಯಗಳಿವೆ. ವಾಕ್ಯದ ಕೊನೆಗೆ ‘ಡಿಡ್‌ನ್ಟ್ ಇಟ್’ ಎಂಬಂತಹ ಬಾಲಪ್ರಶ್ನೆಯನ್ನು ಸೇರಿಸಿ ನೋಡುವುದು ಇನ್ನೊಂದು ಪರೀಕ್ಷೆ.

ಗುರುತಿಸಿದ ಅನಂತರ ತಿದ್ದುವ ಮಾರ್ಗಗಳು ಪರಿಮಿತವಾಗಿವೆ. ತುಂಡುವಾಕ್ಯವನ್ನು ನೆರೆಯ ಪ್ರಧಾನವಾಕ್ಯಕ್ಕೆ ಸೇರಿಸಬಹುದು, ಇಲ್ಲವೇ ಕೊರತೆಯಾದ ಕರ್ತೃ ಅಥವಾ ಪೂರ್ಣಕ್ರಿಯೆಯನ್ನು ತುಂಬಬಹುದು, ಇಲ್ಲವೇ ಅಧೀನಸೂಚಕವನ್ನು ತೆಗೆದು ಸ್ವತಂತ್ರಗೊಳಿಸಬಹುದು. ರನ್-ಆನ್ ವಾಕ್ಯಕ್ಕೆ ನಾಲ್ಕು ದಾರಿಗಳಿವೆ: ಪೂರ್ಣವಿರಾಮದಿಂದ ಒಡೆಯುವುದು, ಅರ್ಧವಿರಾಮವನ್ನು ಇಡುವುದು, ಅಲ್ಪವಿರಾಮದೊಡನೆ ‘ಅಂಡ್’, ‘ಬಟ್’, ‘ಸೊ’ ಮುಂತಾದ ಸಂಯೋಜಕವನ್ನು ಸೇರಿಸುವುದು, ಒಂದು ಉಪವಾಕ್ಯವನ್ನು ಮತ್ತೊಂದಕ್ಕೆ ಅಧೀನಗೊಳಿಸುವುದು. ಈ ನಾಲ್ಕೂ ವ್ಯಾಕರಣದೃಷ್ಟಿಯಿಂದ ಸಮಾನವಾದರೂ ಅರ್ಥದೃಷ್ಟಿಯಿಂದ ಸಮಾನವಲ್ಲ. ‘ವೆನ್’ ಎಂದು ಅಧೀನಗೊಳಿಸಿದರೆ ಕಾಲಸಂಬಂಧ, ‘ಬಿಕಾಸ್’ ಎಂದರೆ ಕಾರಣಸಂಬಂಧ, ಪೂರ್ಣವಿರಾಮವಿಟ್ಟರೆ ಸಂಬಂಧವನ್ನು ಊಹಿಸುವ ಕೆಲಸ ಓದುಗನಿಗೆ. ಎರಡು ವಿಚಾರಗಳ ಸಂಬಂಧವೇನೆಂಬುದನ್ನು ಬರೆಯುವವನು ನಿರ್ಧರಿಸಿದ ಹೊರತು ಯಾವ ತಿದ್ದುಪಡಿಯೂ ಸಾರ್ಥಕವಲ್ಲ. ‘ಹೌಎವರ್’, ‘ದೇರ್‌ಫೋರ್’ ಎಂಬವು ಸಂಯೋಜಕಗಳಂತೆ ತೋರಿದರೂ ಕ್ರಿಯಾವಿಶೇಷಣಗಳಾದ ಕಾರಣ, ಬರಿಯ ಅಲ್ಪವಿರಾಮದ ಅನಂತರ ಅವುಗಳನ್ನಿಟ್ಟು ಎರಡು ವಾಕ್ಯಗಳನ್ನು ಬೆಸೆಯಲು ಬಾರದೆಂಬುದನ್ನೂ ಇಲ್ಲಿ ನೆನೆಯಬೇಕು.

ಭಾರತೀಯ ವಾಕ್ಯವಿಚಾರ ಮತ್ತು ಕನ್ನಡದ ಕಲಿಕೆಗಾರ

ವಾಕ್ಯದ ಎಲ್ಲೆಯ ಪ್ರಶ್ನೆ ಭಾರತೀಯ ಶಾಸ್ತ್ರಗಳಿಗೆ ಹೊಸದಲ್ಲ. ಪಾಣಿನೀಯ ಸೂತ್ರಗಳಿಗೆ ವಾರ್ತಿಕಗಳನ್ನು ರಚಿಸಿದ ಕಾತ್ಯಾಯನನು ಒಂದು ಪೂರ್ಣಕ್ರಿಯಾಪದವುಳ್ಳದ್ದೇ ವಾಕ್ಯವೆಂಬ ರಚನಾಮೂಲವಾದ ಲಕ್ಷಣವನ್ನು ಕೊಟ್ಟಿದ್ದಾನೆ. ಛಂದಸ್ಸಿನ ಕಟ್ಟಿಲ್ಲದ ಯಜುಸ್ಸಿನ ಗದ್ಯಮಂತ್ರ ಎಲ್ಲಿ ಮುಗಿಯುತ್ತದೆಂಬುದನ್ನು ನಿರ್ಣಯಿಸಬೇಕಾದಾಗ ಜೈಮಿನಿಯು ಮೀಮಾಂಸಾಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಎರಡು ತತ್ತ್ವಗಳನ್ನು ಮುಂದಿಟ್ಟನು. ಒಂದೇ ಪ್ರಯೋಜನವಿದ್ದು, ಬಿಡಿಸಿದರೆ ಭಾಗಗಳು ಪರಸ್ಪರ ಆಕಾಂಕ್ಷೆಯುಳ್ಳವಾಗಿದ್ದರೆ ಅದು ಏಕವಾಕ್ಯ. ಭಾಗಗಳು ಪರಸ್ಪರ ನಿರಪೇಕ್ಷವಾಗಿ ಸಮಾನವಾಗಿದ್ದರೆ ವಾಕ್ಯಭೇದ. ಜೈಮಿನಿಯ ಉದ್ದೇಶ ವೇದಾರ್ಥನಿರ್ಣಯವೇ ಹೊರತು ಬರವಣಿಗೆಯ ಶಿಕ್ಷಣವಲ್ಲ. ಆದರೂ ಆಕಾಂಕ್ಷೆ ಉಳಿದಿರುವಾಗಲೇ ಕಡಿದದ್ದು ತುಂಡುವಾಕ್ಯ, ನಿರಪೇಕ್ಷವಾದವುಗಳನ್ನು ಕಡಿಯದೆ ಬಿಟ್ಟದ್ದು ರನ್-ಆನ್ ವಾಕ್ಯ ಎಂದು ಈ ತತ್ತ್ವಗಳ ಬೆಳಕಿನಲ್ಲಿ ಎರಡನ್ನೂ ಒಟ್ಟಿಗೆ ಗ್ರಹಿಸಲು ಸಾಧ್ಯವಿದೆ.

ಕನ್ನಡ ಬರಹದಲ್ಲಿ ಐರೋಪ್ಯ ಲೇಖನಚಿಹ್ನೆಗಳು ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಮುದ್ರಣದೊಂದಿಗೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಮಂಗಳೂರಿನಲ್ಲಿ ಆರಂಭವಾಗಿ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. ಅದಕ್ಕೂ ಮೊದಲು ಓಲೆಗರಿಗಳಲ್ಲಿ ದಂಡಚಿಹ್ನೆಯ ಹೊರತು ಎಲ್ಲೆ ತೋರುವ ಸಾಧನಗಳು ಹೆಚ್ಚೇನೂ ಇರಲಿಲ್ಲ. ಕನ್ನಡದ ಕ್ರಿಯಾಪದವೇ ಎಲ್ಲೆಯನ್ನು ತೋರುತ್ತಿದ್ದುದರಿಂದ ಆ ಕೊರತೆ ಬಾಧಿಸಲಿಲ್ಲ. ‘ಮಳೆ ಬಂದು, ಕೆರೆ ತುಂಬಿ, ಕೋಡಿ ಹರಿಯಿತು’ ಎಂಬಲ್ಲಿ ಮೊದಲೆರಡು ರೂಪಗಳು ಕೃದಂತಾವ್ಯಯಗಳು. ಕೊನೆಯ ಪೂರ್ಣಕ್ರಿಯೆಯೇ ವಾಕ್ಯದ ಮುಕ್ತಾಯ. ‘ವಡ್ಡಾರಾಧನೆ’ಯ ಗದ್ಯದಿಂದ ಇಂದಿನ ಆಡುಮಾತಿನವರೆಗೆ ಈ ಸರಪಣಿರಚನೆ ಕನ್ನಡದ ಸಹಜಧರ್ಮವಾಗಿದೆ.

ಇಂಗ್ಲಿಷಿಗೆ ಹೊರಳುವ ಕನ್ನಡದ ವಿದ್ಯಾರ್ಥಿ ಈ ಸರಪಣಿಯನ್ನು ‘ರೇನ್ ಕೇಮ್, ಟ್ಯಾಂಕ್ ಫಿಲ್ಡ್, ವಾಟರ್ ಓವರ್‌ಫ್ಲೋಡ್’ ಎಂದು ಮೂರು ಪೂರ್ಣಕ್ರಿಯೆಗಳಾಗಿ ಪರಿವರ್ತಿಸುವ ಸಂಭವವಿದೆ. ಕನ್ನಡದಲ್ಲಿ ಏಕವಾಕ್ಯವಾಗಿದ್ದುದು ಕಾಮಾ ಸ್ಪ್ಲೈಸ್ ಆಗುತ್ತದೆ. ‘ಅವನು ಮೇಷ್ಟ್ರು’ ಎಂಬ ಕ್ರಿಯಾಪದರಹಿತ ವಾಕ್ಯ ಕನ್ನಡದಲ್ಲಿ ನಿರ್ದುಷ್ಟ. ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ಅದು ನಿಲ್ಲದು. ‘ಅವನು ಬರಲಿಲ್ಲ. ಏಕೆಂದರೆ ಮಳೆ ಬಂತು.’ ಎಂದು ಎರಡು ವಾಕ್ಯಗಳಾಗಿ ಬರೆಯುವುದು ಕನ್ನಡದಲ್ಲಿ ಶುದ್ಧ. ಇಂಗ್ಲಿಷಿನಲ್ಲಿ ‘ಬಿಕಾಸ್’ನಿಂದ ತೊಡಗಿ ಹಾಗೆಯೇ ಮುಗಿದದ್ದು ತುಂಡುವಾಕ್ಯ. ಇಂತಹ ತಪ್ಪುಗಳಿಗೆ ಮಾತೃಭಾಷೆಯೊಂದೇ ಕಾರಣವಲ್ಲವೆಂಬುದಕ್ಕೆ ಶಾನೆಸ್ಸಿಯವರ ವಿದ್ಯಾರ್ಥಿಗಳೇ ಸಾಕ್ಷಿ. ಆದರೂ ಎರಡು ಭಾಷೆಗಳ ವಾಕ್ಯಧರ್ಮವನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದಾಗ ವಿದ್ಯಾರ್ಥಿಗೆ ತನ್ನ ತಪ್ಪಿನ ಹಿಂದಿನ ನಿಯಮ ಗೋಚರಿಸುತ್ತದೆ. ಅಂಚಿನ ಕೆಂಪು ಗುರುತು ಇದನ್ನು ಮಾಡಿಕೊಡಲಾರದು.

ಉಪಸಂಹಾರ

ತುಂಡುವಾಕ್ಯ ಮತ್ತು ರನ್-ಆನ್ ವಾಕ್ಯಗಳು ದೋಷಗಳೆನಿಸಿದ್ದು ಚಿಹ್ನೆಗಳು ಉಸಿರಿನಿಂದ ರಚನೆಗೆ ಸರಿದ ದೀರ್ಘ ಚಾರಿತ್ರಿಕ ಪ್ರಕ್ರಿಯೆಯ ಫಲವಾಗಿ. ಅವು ಮನುಷ್ಯನಿರ್ಮಿತವೆಂಬ ಕಾರಣಕ್ಕೆ ನಿಯಮಗಳು ನಿರರ್ಥಕವೆನ್ನಲಾಗದು. ಮೌನವಾಗಿ ಓದುವ, ಬರೆದವನ ಮುಖವನ್ನೇ ಕಾಣದ ಓದುಗನಿಗೆ ಎಲ್ಲೆಗಳು ಸ್ಪಷ್ಟವಾಗಿರಬೇಕಾದದ್ದು ನ್ಯಾಯವೇ ಸರಿ. ಆದರೆ ರಚನೆಯನ್ನು ಅಳೆಯುವ ಪರೀಕ್ಷೆಗೆ ವಿದ್ಯಾರ್ಥಿಯನ್ನು ಕಳುಹಿಸಿ, ಅವನ ಕೈಗೆ ಉಸಿರಿನ ಹಾಗೂ ‘ಪೂರ್ಣವಿಚಾರ’ದ ಹಳೆಯ ಅಳತೆಗೋಲನ್ನು ಕೊಟ್ಟದ್ದು ಇಂಗ್ಲಿಷ್ ಶಿಕ್ಷಣದ ಒಂದು ದೊಡ್ಡ ಅಸಂಗತಿ. ಮನೆಯಲ್ಲಿ ಪುಸ್ತಕಗಳಿದ್ದವರು ಓದಿನ ಬಳಕೆಯಿಂದಲೇ ಹೊಸ ಅಳತೆಯನ್ನು ಅರಿತರು. ಅದರ ಬೆಲೆಯನ್ನು ತೆತ್ತವರು ಹೊರಗಿನಿಂದ ಬಂದವರು. ಪೂರ್ಣಕ್ರಿಯೆ, ಅಧೀನಸೂಚಕ ಮತ್ತು ಸ್ವತಂತ್ರ ಉಪವಾಕ್ಯಗಳೆಂಬ ಮೂರು ಪರಿಕಲ್ಪನೆಗಳನ್ನು ವಿದ್ಯಾರ್ಥಿಯ ಸ್ವಂತ ಬರಹದ ಮೂಲಕವೇ ಮನವರಿಕೆ ಮಾಡಿಕೊಟ್ಟಾಗ ಆ ಅಸಂಗತಿ ನೀಗುತ್ತದೆ, ತಿದ್ದುವಿಕೆಯು ದಂಡನೆಯಾಗಿ ಉಳಿಯದೆ ಕಲಿಕೆಯಾಗುತ್ತದೆ.